ನನ್ನ ಬಳೆಗಳ ಪೂರ್ವಜನ್ಮ

ನನ್ನ ಮದುವೆಗೆ ಮಾಡಿಸಿದ ನಾಲ್ಕು ಬಳೆಗಳು ಅಜ್ಜಿಯ ಕಾಸಿನ ಸರವನ್ನು ಕರಗಿಸಿ ಮಾಡಿದವು. ಅದು 1976ರ ಬೇಸಿಗೆ. ಊರಿನ ಆಚಾರ್ರು ತಮ್ಮ ಸಾಮಾನುಗಳನ್ನೆಲ್ಲ ಹೊತ್ತು ತಂದು ನಮ್ಮ ಮನೆಯ ಪಡಸಾಲೆಯಲ್ಲೇ ಕುಳಿತಿದ್ದರು. ಚಿನ್ನವನ್ನು ಕಣ್ಣೆದುರಿಗೇ ಕರಗಿಸಬೇಕೆಂಬುದು ಅಪ್ಪನ ಹಟ. ಆಚಾರ್ರ ಮೇಲೆ ಅಪನಂಬಿಕೆ ಏನಿಲ್ಲ, ಪದ್ಧತಿ ಅಷ್ಟೆ ಎಂದು ಮತ್ತೆ ಮತ್ತೆ ಹೇಳುತ್ತಿದ್ದರು; ಹಾಗೆ ಹೇಳಿದಷ್ಟೂ ಆಚಾರ್ರ ಮುಖ ಬಿಗಿಯುತ್ತಿತ್ತು. ಇದ್ದಿಲ ಕೆಂಡದ ನಡುವೆ ಪುಟ್ಟ ಮೂಸೆ, ಅದರೊಳಗೆ ಅಜ್ಜಿಯ ಕಾಸುಗಳು. ಊದುಕೊಳವೆಯಿಂದ ಅವರು ಊದುತ್ತಾ ಹೋದಂತೆ ಕಾಸಿನ ಮೇಲಿದ್ದ ಲಕ್ಷ್ಮಿಯ ಚಿತ್ರ ಮೊದಲು ಮಸುಕಾಗಿ, ಆಮೇಲೆ ಅಂಚು ಕುಸಿದು, ಕೊನೆಗೆ ಎಲ್ಲ ಸೇರಿ ಒಂದು ದುಂಡನೆಯ ಹನಿಯಾಯಿತು. ಆ ಹನಿ ಮೂಸೆಯ ತಳದಲ್ಲಿ ನಡುಗುತ್ತಾ ಹೊಳೆಯುತ್ತಿದ್ದುದನ್ನು ನಾನಿನ್ನೂ ಮರೆತಿಲ್ಲ.

ನಾನಾಗ ಬಿ.ಎಸ್ಸಿ. ಕೊನೆಯ ಪರೀಕ್ಷೆ ಬರೆದು ಕುಳಿತಿದ್ದೆ. ಮೂಲಧಾತುಗಳ ಪಟ್ಟಿ ಬಾಯಿಪಾಠವಾಗಿತ್ತು. ಓದಿದ ಜಂಭವೂ ಸ್ವಲ್ಪ ಇತ್ತೆನ್ನಿ. “ಆಚಾರ್ರೇ, ಇಷ್ಟು ವರ್ಷ ಚಿನ್ನದ ಕೆಲಸ ಮಾಡಿದೀರಿ, ಚಿನ್ನವನ್ನೇ ಮಾಡೋಕೆ ಯಾವತ್ತಾದರೂ ನೋಡಿದೀರಾ?” ಎಂದು ಕೇಳಿದೆ. ಅವರು ಊದುಕೊಳವೆ ಕೆಳಗಿಟ್ಟು, “ನಾವು ಆಕಾರ ಮಾಡೋರು ತಾಯಿ. ಚಿನ್ನ ಮಾಡೋ ಕುಲುಮೆ ಬೇರೆ ಕಡೆ ಐತೆ. ಎಲ್ಲೈತೋ ಯಾರಿಗ್ ಗೊತ್ತು” ಎಂದರು.

ಅದೇ ತಿಂಗಳು ಎಂ.ಎಸ್ಸಿ.ಗೆ ಅರ್ಜಿ ತರಿಸಿಟ್ಟಿದ್ದೆ. ಭೌತಶಾಸ್ತ್ರ ಓದಬೇಕೆಂಬ ಆಸೆ. ಅಪ್ಪ ಅರ್ಜಿಯನ್ನು ತಿರುಗಿಸಿ ತಿರುಗಿಸಿ ನೋಡಿ, “ಎರಡೂ ಆಗಲ್ಲ ಕಣಮ್ಮ. ನಿನ್ನ ಹಿಂದೆ ಇನ್ನಿಬ್ಬರು ಇದಾರೆ” ಎಂದರು. ಕೋಪದಿಂದಲ್ಲ, ಲೆಕ್ಕದ ಪುಸ್ತಕ ಓದಿದ ಹಾಗೆ. ಅಮ್ಮ ಒಲೆಯ ಮುಂದಿನಿಂದ ಏಳಲಿಲ್ಲ. ನಾನು ಅತ್ತೆನೆಂದು ಬರೆದರೆ ಓದಲು ಚೆನ್ನಾಗಿರುತ್ತದೆ; ಆದರೆ ಸಾಣೆ ಹಿಡಿದು ಹೊಳಪು ಕೊಟ್ಟ ಬಳೆಗಳನ್ನು ಆಚಾರ್ರು ಕೈಗೆ ಏರಿಸಿದಾಗ ನನಗೆ ಸಂತೋಷವೇ ಆಗಿತ್ತು. ಇಪ್ಪತ್ತೊಂದು ವರ್ಷದ ಹುಡುಗಿಗೆ ಎರಡು ಮನಸ್ಸು ಒಟ್ಟಿಗೇ ಇರಬಲ್ಲವು. ಅರ್ಜಿ ಎಲ್ಲಿ ಹೋಯಿತೋ ತಿಳಿಯದು. ಬಳೆಗಳು ಉಳಿದವು. ಆ ಬಳೆಗಳಿಗೆ ನಾನು ಮನಸ್ಸಿನಲ್ಲೇ ‘ನನ್ನ ಎಂ.ಎಸ್ಸಿ.’ ಎಂದು ಹೆಸರಿಟ್ಟುಕೊಂಡಿದ್ದೆ. ಯಾರಿಗೂ ಹೇಳಿರಲಿಲ್ಲ.

ಚಿನ್ನ ಮಾಡುವ ಕುಲುಮೆ ಎಲ್ಲಿದೆ ಎಂಬ ಪ್ರಶ್ನೆಗೆ ಉತ್ತರ ಆ ಹೊತ್ತಿಗಾಗಲೇ ಮುಕ್ಕಾಲು ಪಾಲು ಸಿಕ್ಕಿತ್ತು. ನಮ್ಮ ಪಠ್ಯಪುಸ್ತಕಕ್ಕೆ ಇನ್ನೂ ಬಂದಿರಲಿಲ್ಲ ಅಷ್ಟೆ. ಮುಂದೆ ಮಕ್ಕಳು ಶಾಲೆಗೆ ಹೋಗತೊಡಗಿದ ಮೇಲೆ, ಮಧ್ಯಾಹ್ನದ ಹೊತ್ತು ಊರ ಲೈಬ್ರರಿಯ ಪುಸ್ತಕಗಳನ್ನು ತಂದು, ಅರ್ಥವಾದದ್ದು ಅರ್ಥವಾಗಲಿ ಎಂದು ಓದುತ್ತಾ ಹೋದೆ. ಓದುತ್ತಾ ಓದುತ್ತಾ ಈ ಕತೆಯಲ್ಲಿ ಬರುವ ಹೆಂಗಸರು ನನಗೆ ಹತ್ತಿರದವರಾದರು. ಅವರ ವಿಷಯ ಹೇಳುವ ಮೊದಲು ಒಂದು ಸಣ್ಣ ಮಾತು.

ಧಾತು ಯಾವುದೆಂದು ತೀರ್ಮಾನವಾಗುವುದು ಪರಮಾಣುವಿನ ನಡುವೆ ಇರುವ ಬೀಜದಿಂದ. ಅಲ್ಲಿ ಪ್ರೋಟಾನ್ ಎಂಬ ಕಣಗಳು ಎಷ್ಟಿವೆಯೋ ಅದೇ ಅದರ ಕುಲಗೋತ್ರ. 1 ಇದ್ದರೆ ಜಲಜನಕ, 2 ಇದ್ದರೆ ಹೀಲಿಯಂ, 6 ಇದ್ದರೆ ಇಂಗಾಲ, 26 ಇದ್ದರೆ ಕಬ್ಬಿಣ, 79 ಇದ್ದರೆ ಚಿನ್ನ. ಚಿನ್ನ ಕರಗಲು 1,064 ಡಿಗ್ರಿ ಶಾಖ ಸಾಕು. ಆದರೆ ಆ ಬೆಂಕಿ ಬೀಜವನ್ನು ಮುಟ್ಟುವುದಿಲ್ಲ. ಹೊರಗಿನ ಸೆರಗನ್ನು ಅಲ್ಲಾಡಿಸುತ್ತದೆ ಅಷ್ಟೆ. ಬೀಜಕ್ಕೆ ಬೀಜ ಬೆಸೆಯಬೇಕಾದರೆ ಕೋಟಿಗಟ್ಟಲೆ ಡಿಗ್ರಿಯ ಶಾಖ ಬೇಕು. ಸೂರ್ಯನ ಹೊಟ್ಟೆಯಲ್ಲಿ ಸುಮಾರು 1.5 ಕೋಟಿ ಡಿಗ್ರಿ ಇದೆ. ಅಲ್ಲಿಯೂ ಆಗುತ್ತಿರುವುದು ಜಲಜನಕದಿಂದ ಹೀಲಿಯಂ ಆಗುವ ಮೊದಲ ಅಡಿಗೆ ಮಾತ್ರ.

ಸೂರ್ಯನಲ್ಲಿ, ನಕ್ಷತ್ರಗಳಲ್ಲಿ ಬಹುಪಾಲು ಇರುವುದು ಜಲಜನಕವೇ ಎಂದು ಮೊದಲು ಲೆಕ್ಕ ಹಾಕಿದವಳು ಸಿಸಿಲಿಯಾ ಪೇನ್. 1900ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದವಳು. ಕೇಂಬ್ರಿಜ್‌ನಲ್ಲಿ ಓದು ಮುಗಿಸಿದಳು. ಪದವಿ ಸಿಗಲಿಲ್ಲ, ಏಕೆಂದರೆ ಆ ವಿಶ್ವವಿದ್ಯಾಲಯ 1948ರವರೆಗೂ ಹೆಂಗಸರಿಗೆ ಪದವಿ ಕೊಡುತ್ತಿರಲಿಲ್ಲ. ಓದಬಹುದು, ಪರೀಕ್ಷೆ ಬರೆಯಬಹುದು, ಪದವಿ ಕೇಳಬಾರದು. 1923ರಲ್ಲಿ ಆಕೆ ಹಡಗು ಹತ್ತಿ ಅಮೆರಿಕದ ಹಾರ್ವರ್ಡ್ ವೀಕ್ಷಣಾಲಯಕ್ಕೆ ಹೋದಳು. ಅಲ್ಲಿ ಗಾಜಿನ ಫಲಕಗಳ ಮೇಲೆ ತೆಗೆದ ನಕ್ಷತ್ರಗಳ ಚಿತ್ರಗಳು ರಾಶಿ ರಾಶಿ ಇದ್ದವು. ಅವನ್ನು ಭೂತಗನ್ನಡಿ ಹಿಡಿದು ಒಂದೊಂದಾಗಿ ನೋಡಿ ವಿಂಗಡಿಸುತ್ತಿದ್ದವರೂ ಹೆಂಗಸರೇ. ಅವರಲ್ಲಿ ಹಿಂದೆ ವಿಲಿಯಮಿನಾ ಫ್ಲೆಮಿಂಗ್ ಎಂಬಾಕೆ ಇದ್ದಳು. ವೀಕ್ಷಣಾಲಯದ ನಿರ್ದೇಶಕರ ಮನೆಯಲ್ಲಿ ಕೆಲಸಕ್ಕೆಂದು ಸೇರಿ, ಅಲ್ಲಿಂದ ನಕ್ಷತ್ರಗಳ ಕೆಲಸಕ್ಕೆ ಬಂದವಳು.

ಬೆಳಕನ್ನು ಪಟ್ಟಕದ ಮೂಲಕ ಹಾಯಿಸಿದರೆ ಬಣ್ಣದ ಪಟ್ಟಿಯಾಗುತ್ತದೆ. ನಕ್ಷತ್ರದ ಬೆಳಕನ್ನು ಹಾಗೆ ಹಾಯಿಸಿದರೆ ಆ ಪಟ್ಟಿಯಲ್ಲಿ ಅಲ್ಲಲ್ಲಿ ಕಪ್ಪು ಗೆರೆಗಳು ಕಾಣುತ್ತವೆ. ಒಂದೊಂದು ಧಾತುವಿಗೂ ಅದರದೇ ಗೆರೆಗಳು, ಒಂದೊಂದು ಮನೆಗೂ ಅದರದೇ ರಂಗೋಲಿ ಇದ್ದ ಹಾಗೆ. ಇದನ್ನು ರೋಹಿತ ಎನ್ನುತ್ತಾರೆ. ಗೆರೆ ದಪ್ಪವಾಗಿ ಕಂಡ ಮಾತ್ರಕ್ಕೆ ಆ ಧಾತು ಹೆಚ್ಚಾಗಿದೆ ಎಂದು ಹೇಳಲಾಗದು, ಶಾಖಕ್ಕೆ ತಕ್ಕಂತೆ ಗೆರೆ ಬದಲಾಗುತ್ತದೆ ಎಂದು 1920ರಲ್ಲಿ ತೋರಿಸಿದವರು ನಮ್ಮ ಮೇಘನಾದ ಸಹಾ. ಅವರ ಸೂತ್ರವನ್ನು ಹಿಡಿದು ಸಿಸಿಲಿಯಾ ಗೆರೆಗಳನ್ನೆಲ್ಲ ಅಳೆದು ನೋಡಿದಾಗ, ಕಬ್ಬಿಣ, ಸಿಲಿಕಾನ್ ಮೊದಲಾದವು ಭೂಮಿಯಲ್ಲಿರುವ ಪ್ರಮಾಣಕ್ಕೆ ಹೆಚ್ಚುಕಡಿಮೆ ಹೊಂದಿದವು. ಜಲಜನಕ ಮಾತ್ರ ಸುಮಾರು 10 ಲಕ್ಷ ಪಟ್ಟು ಹೆಚ್ಚು ಬಂತು. ಸೂರ್ಯನೂ ಭೂಮಿಯಂಥದೇ ಪದಾರ್ಥದಿಂದ ಆದವನು ಎಂದು ದೊಡ್ಡವರೆಲ್ಲ ನಂಬಿದ್ದ ಕಾಲ. ಹೆನ್ರಿ ನಾರಿಸ್ ರಸೆಲ್ ಎಂಬ ಹಿರಿಯ ಖಗೋಳ ವಿಜ್ಞಾನಿ, ಇದು ಸಾಧ್ಯವೇ ಇಲ್ಲ ಎಂದು ಬರೆದರು. ಇಪ್ಪತ್ತೈದರ ಹುಡುಗಿ ಏನು ಮಾಡಿಯಾಳು? 1925ರ ತನ್ನ ಪ್ರಬಂಧದಲ್ಲಿ, ಜಲಜನಕದ ಈ ಲೆಕ್ಕ ಬಹುಶಃ ನಿಜವಲ್ಲ ಎಂಬ ಅರ್ಥದ ಸಾಲನ್ನು ತಾನೇ ಸೇರಿಸಿದಳು. ನಾಲ್ಕು ವರ್ಷದ ಮೇಲೆ ರಸೆಲ್ ತಮ್ಮದೇ ದಾರಿಯಲ್ಲಿ ಅದೇ ಉತ್ತರಕ್ಕೆ ಬಂದು, ಆಕೆಯ ಹೆಸರನ್ನೂ ಹೇಳಿ ಒಪ್ಪಿಕೊಂಡರು.

ಆ ಸಾಲನ್ನು ಬರೆಯುವಾಗ ಆಕೆಗೆ ಏನನ್ನಿಸಿರಬಹುದು ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ. ಸಾಂಬಾರಿಗೆ ಉಪ್ಪು ಸರಿಯಾಗಿದೆ ಎಂದು ನಾಲಿಗೆಗೆ ಗೊತ್ತಿದ್ದೂ, ಊಟಕ್ಕೆ ಕುಳಿತವರು ಕಡಿಮೆ ಎಂದರೆ “ಹೌದೇನೋ” ಎಂದು ಇನ್ನೊಂದು ಚಿಟಿಕೆ ಹಾಕುವವರು ನಾವು. ಸಿಸಿಲಿಯಾ ಹಾರ್ವರ್ಡ್‌ನಲ್ಲೇ ವರ್ಷಗಟ್ಟಲೆ ಸಹಾಯಕಿಯ ಸಂಬಳಕ್ಕೆ ಪಾಠ ಮಾಡಿ, 1956ರಲ್ಲಿ ಪ್ರೊಫೆಸರ್ ಆದಳು.

ನಕ್ಷತ್ರದ ತುಂಬ ಇರುವುದು ಜಲಜನಕ ಎಂದಾದ ಮೇಲೆ ಮುಂದಿನ ಪ್ರಶ್ನೆ ತಾನಾಗಿ ಎದ್ದಿತು. ಉಳಿದ ಧಾತುಗಳು ಎಲ್ಲಿಂದ ಬಂದವು? 1939ರಲ್ಲಿ ಹಾನ್ಸ್ ಬೇಥೆ ಎಂಬವರು ಜಲಜನಕ ಹೀಲಿಯಂ ಆಗುವ ದಾರಿಯನ್ನು ಬಿಡಿಸಿ ತೋರಿಸಿದರು. 1940ರ ದಶಕದಲ್ಲಿ ಜಾರ್ಜ್ ಗ್ಯಾಮೋ ಮತ್ತು ಅವರ ಜೊತೆಗಾರರು, ವಿಶ್ವ ಹುಟ್ಟಿದ ಮೊದಲ ಕೆಲವು ನಿಮಿಷಗಳ ಬಿಸಿಯಲ್ಲೇ ಎಲ್ಲ ಧಾತುಗಳೂ ಬೆಂದುಹೋದವು ಎಂದರು. ಆದರೆ ಅವರ ಲೆಕ್ಕ ಹೀಲಿಯಂ ದಾಟಿದ ಮೇಲೆ ಮುಗ್ಗರಿಸಿತು. 5 ಕಣಗಳ ಬೀಜವೂ ನಿಲ್ಲುವುದಿಲ್ಲ, 8 ಕಣಗಳ ಬೀಜವೂ ನಿಲ್ಲುವುದಿಲ್ಲ. ಏಣಿಯಲ್ಲಿ ಎರಡು ಮೆಟ್ಟಿಲು ಮುರಿದಿದ್ದರೆ ಮೇಲೆ ಹತ್ತುವುದು ಹೇಗೆ?

ಈ ಮುರಿದ ಮೆಟ್ಟಿಲನ್ನು ದಾಟಿಸಿದವರು ಇಂಗ್ಲೆಂಡಿನ ಫ್ರೆಡ್ ಹಾಯ್ಲ್. ಧಾತುಗಳು ನಕ್ಷತ್ರಗಳ ಒಳಗೇ ಆಗುತ್ತವೆ ಎಂದು 1946ರಿಂದ ಹೇಳುತ್ತಾ ಬಂದಿದ್ದವರು. ಮೂರು ಹೀಲಿಯಂ ಸೇರಿದರೆ ಇಂಗಾಲ. ಆದರೆ ಮೊದಲ ಎರಡು ಸೇರಿ ಆಗುವ ಬೀಜ ಕ್ಷಣದ ಕೋಟಿಯಲ್ಲೊಂದು ಪಾಲು ಕೂಡ ಉಳಿಯದೆ ಒಡೆದುಹೋಗುತ್ತದೆ. ಅಷ್ಟರೊಳಗೆ ಮೂರನೆಯದು ಬಂದು ಸೇರಬೇಕು. ಇಂಗಾಲದ ಬೀಜಕ್ಕೆ ಒಂದು ನಿರ್ದಿಷ್ಟ ಶಕ್ತಿಯ ಸ್ಥಿತಿ ಇದ್ದರೆ ಮಾತ್ರ ಅದು ಸಾಧ್ಯ ಎಂದು ಹಾಯ್ಲ್‌ಗೆ ಹೊಳೆಯಿತು. 1953ರಲ್ಲಿ ಕ್ಯಾಲಿಫೋರ್ನಿಯಾದ ಕ್ಯಾಲ್‌ಟೆಕ್ ಸಂಸ್ಥೆಯಲ್ಲಿ ವಿಲಿಯಂ ಫೌಲರ್ ಅವರ ಪ್ರಯೋಗಶಾಲೆಗೆ ಹೋಗಿ, ಅಂಥ ಸ್ಥಿತಿ ಇರಲೇಬೇಕು, ಹುಡುಕಿ ಎಂದರು. ಇವರಿಗೇನು ತಲೆ ಸರಿಯಿದೆಯೇ ಎಂದು ಅಲ್ಲಿದ್ದವರಿಗೆ ಮೊದಲು ಅನ್ನಿಸಿತಂತೆ. ಹುಡುಕಿದರು, ಅವರು ಹೇಳಿದ ಜಾಗದ ಹತ್ತಿರವೇ ಸಿಕ್ಕಿತು. ನಮ್ಮ ಮೈಯಲ್ಲಿರುವ ಇಂಗಾಲವೆಲ್ಲ ಆ ಕಿಂಡಿಯಿಂದಲೇ ಬಂದದ್ದು.

ಇದಕ್ಕೆ ಒಂದು ವರ್ಷ ಮೊದಲು, 1952ರಲ್ಲಿ, ಪಾಲ್ ಮೆರಿಲ್ ಎಂಬವರು ಕೆಲವು ಕೆಂಪು ನಕ್ಷತ್ರಗಳ ಬೆಳಕಿನಲ್ಲಿ ಟೆಕ್ನೀಷಿಯಂ ಎಂಬ ಧಾತುವಿನ ಗೆರೆಗಳನ್ನು ಕಂಡಿದ್ದರು. ಟೆಕ್ನೀಷಿಯಂ ಬಾಳಿಕೆ ಬರುವ ಧಾತುವಲ್ಲ. ನಕ್ಷತ್ರಗಳ ವಯಸ್ಸಿಗೆ ಹೋಲಿಸಿದರೆ ಬಹಳ ಬೇಗ ಕ್ಷಯಿಸಿ ಹೋಗುತ್ತದೆ. ಹಳೆಯ ನಕ್ಷತ್ರದಲ್ಲಿ ಅದು ಕಂಡಿತೆಂದರೆ ಅಲ್ಲೇ ಈಗ ತಯಾರಾಗುತ್ತಿದೆ ಎಂದೇ ಅರ್ಥ. ಮನೆಯೊಳಗಿನಿಂದ ಒಗ್ಗರಣೆಯ ವಾಸನೆ ಬಂದರೆ ಒಲೆ ಹಚ್ಚಿದೆ ಎಂದು ತಿಳಿಯುವುದಿಲ್ಲವೇ, ಹಾಗೆ.

ಇನ್ನು ನನ್ನ ಕತೆಯ ನಾಯಕಿ. ಮಾರ್ಗರೆಟ್ ಬರ್ಬಿಜ್, 1919ರಲ್ಲಿ ಇಂಗ್ಲೆಂಡಿನ ಸ್ಟಾಕ್‌ಪೋರ್ಟ್‌ನಲ್ಲಿ ಹುಟ್ಟಿದವಳು. ಯುದ್ಧಕಾಲದಲ್ಲಿ ಲಂಡನ್ನಿನಲ್ಲಿ ದೀಪ ಹಚ್ಚುವಂತಿರಲಿಲ್ಲ. ಎಲ್ಲರಿಗೂ ಶಾಪವಾದ ಆ ಕತ್ತಲೆ ಆಕೆಗೆ ಆಕಾಶವನ್ನು ತೆರೆದುಕೊಟ್ಟಿತು. ಹತ್ತಿರದಲ್ಲೇ ಬಾಂಬು ಬಿದ್ದು ದೂರದರ್ಶಕ ಅಲುಗಿದರೆ, ಮತ್ತೆ ನಕ್ಷತ್ರವನ್ನು ನಡುವಿಗೆ ತಂದುಕೊಂಡು ಚಿತ್ರ ತೆಗೆಯುವುದು. 1943ರಲ್ಲಿ ಡಾಕ್ಟರೇಟ್ ಆಯಿತು. ಯುದ್ಧ ಮುಗಿದ ಮೇಲೆ, ಆಗ ಜಗತ್ತಿನ ದೊಡ್ಡ ದೂರದರ್ಶಕವಿದ್ದ ಕ್ಯಾಲಿಫೋರ್ನಿಯಾದ ಮೌಂಟ್ ವಿಲ್ಸನ್‌ಗೆ ಹೋಗಲು ಒಂದು ಫೆಲೋಶಿಪ್‌ಗೆ ಅರ್ಜಿ ಹಾಕಿದಳು. ಅದು ಗಂಡಸರಿಗೆ ಮಾತ್ರ ಎಂಬ ಉತ್ತರ ಬಂತು.

ನನ್ನ ಅರ್ಜಿಯ ಕತೆಗೂ ಆಕೆಯ ಅರ್ಜಿಯ ಕತೆಗೂ ಹೋಲಿಕೆ ಮಾಡುವ ಧೈರ್ಯ ನನಗಿಲ್ಲ. ನನಗೆ ಬಾಗಿಲು ಹಾಕಿದವರು ನನ್ನನ್ನು ಪ್ರೀತಿಸುತ್ತಿದ್ದವರೇ. ಅಲ್ಲದೆ ನಾನು ಇನ್ನೊಂದು ಬಾಗಿಲು ತಟ್ಟಲಿಲ್ಲ, ಆಕೆ ತಟ್ಟಿದಳು. 1948ರಲ್ಲಿ ಜೆಫ್ರಿ ಬರ್ಬಿಜ್‌ನನ್ನು ಮದುವೆಯಾದಳು. ಆತ ಲೆಕ್ಕದ ಕಡೆಯವನು, ಈಕೆ ವೀಕ್ಷಣೆಯ ಕಡೆಯವಳು. 1954ರಲ್ಲಿ ಕೇಂಬ್ರಿಜ್‌ಗೆ ಬಂದಿದ್ದ ಫೌಲರ್‌ಗೆ ಈ ದಂಪತಿಗಳ ಪರಿಚಯವಾಯಿತು. ಹಾಯ್ಲ್ ಅಲ್ಲೇ ಇದ್ದರು. ಮರುವರ್ಷ ಎಲ್ಲರ ಕೆಲಸವೂ ಕ್ಯಾಲಿಫೋರ್ನಿಯಾಕ್ಕೆ ಸಾಗಿತು. ಹಿಂದೆ ಮಾರ್ಗರೆಟ್‌ಗೆ ಇಲ್ಲವೆಂದಿದ್ದ ಅದೇ ಬಗೆಯ ಫೆಲೋಶಿಪ್ ಈಗ ಗಂಡನಿಗೆ ಸಿಕ್ಕಿತ್ತು. ಬೆಟ್ಟದ ಮೇಲೆ ದೂರದರ್ಶಕದ ಸಮಯ ಗಂಡನ ಹೆಸರಿನಲ್ಲಿ. ನೋಡುವವಳು ಹೆಂಡತಿ, ಕಾಗದದ ಮೇಲೆ ಅವನ ಸಹಾಯಕಿ. ಅಲ್ಲಿ ಖಗೋಳ ವಿಜ್ಞಾನಿಗಳು ಉಳಿಯುತ್ತಿದ್ದ ವಸತಿಗೆ ‘ಸನ್ಯಾಸಿಗಳ ಮಠ’ ಎಂಬ ಅರ್ಥದ ಹೆಸರು, ಹೆಂಗಸಿಗೆ ಪ್ರವೇಶವಿಲ್ಲ. ದಂಪತಿಗಳು ದೂರದ ಒಂದು ಚಳಿಗುಡಿಸಲಿನಂಥ ಮನೆಯಲ್ಲಿ ಉಳಿದು, ಊಟವನ್ನು ತಾವೇ ಕಟ್ಟಿಕೊಂಡು ಹೋಗಬೇಕಾಗಿತ್ತು. ಶೌಚಾಲಯ ಇಲ್ಲ ಎಂಬುದು ಇಂಥ ಕಡೆಗಳಲ್ಲಿ ಹೇಳುತ್ತಿದ್ದ ಕಾರಣ. ಎಷ್ಟು ದೊಡ್ಡ ದೂರದರ್ಶಕ ಕಟ್ಟಿದವರಿಗೆ ಅಷ್ಟು ಚಿಕ್ಕ ಕೋಣೆ ಕಟ್ಟಲು ಕೈಬರಲಿಲ್ಲ! ನಮ್ಮ ತಾಲ್ಲೂಕು ಆಫೀಸುಗಳನ್ನು ನೆನೆದು ನಾನು ಒಬ್ಬಳೇ ನಕ್ಕಿದ್ದೇನೆ.

1956ರಲ್ಲಿ ಆಕೆಗೆ ಮಗಳು ಹುಟ್ಟಿದಳು. 1957ರ ಅಕ್ಟೋಬರಿನಲ್ಲಿ ನಾಲ್ವರ ಹೆಸರಿನಲ್ಲಿ ನೂರಕ್ಕೂ ಹೆಚ್ಚು ಪುಟಗಳ ಒಂದು ಪ್ರಬಂಧ ಅಚ್ಚಾಯಿತು. ನಕ್ಷತ್ರಗಳಲ್ಲಿ ಧಾತುಗಳು ಹೇಗೆ ಆಗುತ್ತವೆ ಎಂಬುದೇ ವಿಷಯ. ಅಕ್ಷರಮಾಲೆಯ ಕ್ರಮದಲ್ಲಿ ಹೆಸರು ಹಾಕಿದ್ದರಿಂದ ಮೊದಲ ಹೆಸರು ಮಾರ್ಗರೆಟ್‌ಳದು. ಕೆನಡಾದಲ್ಲಿ ಅಲೆಸ್ಟೇರ್ ಕ್ಯಾಮರಾನ್ ಎಂಬವರು ಅದೇ ವರ್ಷ, ಇವರ ಸಹಾಯವಿಲ್ಲದೆ, ಬಹುಪಾಲು ಅದೇ ತೀರ್ಮಾನಕ್ಕೆ ಬಂದಿದ್ದರು.

ಆ ಪುಟಗಳ ಸಾರವನ್ನು ನನ್ನ ಅಡಿಗೆಮನೆಯ ಭಾಷೆಯಲ್ಲಿ ಹೇಳುತ್ತೇನೆ. ದೊಡ್ಡ ನಕ್ಷತ್ರವೊಂದು, ಸೂರ್ಯನ 25 ಪಟ್ಟು ತೂಕದ್ದು ಎಂದಿಟ್ಟುಕೊಳ್ಳಿ, ಜಲಜನಕವನ್ನು ಸುಮಾರು 70 ಲಕ್ಷ ವರ್ಷ ಉರಿಸುತ್ತದೆ. ಮುಗಿದ ಮೇಲೆ ನಡುವಿನ ಭಾಗ ಕುಗ್ಗಿ ಇನ್ನೂ ಬಿಸಿಯಾಗಿ ಹೀಲಿಯಂ ಹೊತ್ತಿಕೊಳ್ಳುತ್ತದೆ. ಅದು ಲಕ್ಷಗಟ್ಟಲೆ ವರ್ಷ. ಆಮೇಲೆ ಇಂಗಾಲ, ಕೆಲವು ನೂರು ವರ್ಷ. ನಿಯಾನ್ ಸುಮಾರು ಒಂದು ವರ್ಷ. ಆಮ್ಲಜನಕ ಕೆಲವು ತಿಂಗಳು. ಕೊನೆಗೆ ಸಿಲಿಕಾನ್ ಹೆಚ್ಚುಕಡಿಮೆ ಒಂದೇ ದಿನ. ಒಂದರ ಬೂದಿ ಇನ್ನೊಂದಕ್ಕೆ ಸೌದೆ. ಸಿಲಿಕಾನ್ ಉರಿದು ಉಳಿಯುವುದು ಕಬ್ಬಿಣದ ಗುಂಪು. ಅಲ್ಲಿಗೆ ಒಲೆ ಆರಿತು. ಕಬ್ಬಿಣದ ಬೀಜಗಳನ್ನು ಬೆಸೆದರೆ ಶಕ್ತಿ ಬರುವುದಿಲ್ಲ, ನಾವೇ ಕೊಡಬೇಕು. ಒಳಗಿನ ಬಿಸಿ ಅಷ್ಟು ಕಾಲ ಹೊರಗಿನ ಭಾರವನ್ನು ಹೊತ್ತಿತ್ತು. ಅದು ನಿಂತೊಡನೆ ಭೂಮಿಯಷ್ಟು ದೊಡ್ಡ ಕಬ್ಬಿಣದ ನಡುಭಾಗ ಒಂದು ಸೆಕೆಂಡಿಗಿಂತ ಕಡಿಮೆ ಹೊತ್ತಿನಲ್ಲಿ ಕುಸಿದು ಊರಗಲದ ಉಂಡೆಯಾಗುತ್ತದೆ. ಹೊರಗಿನದೆಲ್ಲ ಸಿಡಿದು ಆಕಾಶಕ್ಕೆ ಚೆಲ್ಲುತ್ತದೆ. ಇದೇ ಸೂಪರ್‌ನೋವಾ, ಕನ್ನಡದಲ್ಲಿ ಮಹಾನವ್ಯ ಎಂದಿದ್ದಾರೆ. ನಾವು ಉಸಿರಾಡುವ ಆಮ್ಲಜನಕದ ಬಹುಪಾಲು ಹೀಗೆ ಸಿಡಿದ ನಕ್ಷತ್ರಗಳು ಚೆಲ್ಲಿದ್ದು.

ಕಬ್ಬಿಣದ ಆಚೆಗೆ, ಚಿನ್ನದವರೆಗೆ ಹೋಗುವುದು ಹೇಗೆ? ಅಲ್ಲಿ ನ್ಯೂಟ್ರಾನ್ ಬರುತ್ತದೆ. ಅದಕ್ಕೆ ವಿದ್ಯುತ್ತಿನ ಹಂಗಿಲ್ಲ, ಯಾರ ಮನೆಗೆ ಬೇಕಾದರೂ ಕರೆಯದೆ ಒಳಬರುವ ಪಕ್ಕದ ಮನೆಯ ಹುಡುಗನ ಹಾಗೆ. ಬೀಜದೊಳಗೆ ಹೊಕ್ಕ ಮೇಲೆ ಕಾಲಾನಂತರ ಅದೇ ಪ್ರೋಟಾನ್ ಆಗಿ ಬದಲಾಗಬಹುದು. ಬದಲಾದರೆ ಧಾತು ಒಂದು ಮೆಟ್ಟಿಲು ಮೇಲೇರಿತು. ಮದುವೆ ಮನೆಗೆ ನೆಂಟರು ಹಿಂದಿನ ವಾರದಿಂದ ಒಬ್ಬೊಬ್ಬರಾಗಿ ಬಂದರೆ ಒಬ್ಬರಿಗೆ ಚಾಪೆ ಹಾಸಿ ಕೂರಿಸಿದ ಮೇಲೆ ಇನ್ನೊಬ್ಬರು ಬರುತ್ತಾರೆ. ಇದು ನಿಧಾನದ ದಾರಿ. ಮುದಿ ಕೆಂಪು ನಕ್ಷತ್ರಗಳ ಒಳಗೆ ಸಾವಿರಾರು ವರ್ಷ ನಡೆಯುವಂಥದು. ಬೇರಿಯಂ ಹೆಚ್ಚಾಗಿ ಹುಟ್ಟುವುದು ಹೀಗೆ. ಬೇರಿಯಂ ಅತಿಯಾಗಿದ್ದ ಒಂದು ನಕ್ಷತ್ರದ ಗೆರೆಗಳನ್ನು ಬರ್ಬಿಜ್ ದಂಪತಿಗಳೇ ಅಳೆದು ಸಾಕ್ಷಿ ಒದಗಿಸಿದ್ದರು. ಇನ್ನೊಂದು, ದಿಬ್ಬಣದ ಬಸ್ಸು ಬಾಗಿಲಲ್ಲಿ ನಿಂತ ಹಾಗೆ. ಒಬ್ಬರು ಕೂರುವ ಮೊದಲೇ ಐವತ್ತು ಜನ ಒಳಗೆ. ಒಂದೆರಡು ಸೆಕೆಂಡಿನಲ್ಲಿ ಹತ್ತಾರು ನ್ಯೂಟ್ರಾನ್ ಒಂದು ಬೀಜಕ್ಕೆ ನುಗ್ಗಿ, ಆಮೇಲೆ ಸಾವಕಾಶವಾಗಿ ಒಂದೊಂದೇ ಪ್ರೋಟಾನ್ ಆಗುತ್ತಾ ಹೋಗುತ್ತವೆ. ಚಿನ್ನದ ಬಹುಪಾಲು ಮತ್ತು ಯುರೇನಿಯಂ ಪೂರ್ತಿಯಾಗಿ ಈ ಅವಸರದ ದಾರಿಯವು.

ಅವಸರದ ದಾರಿ ನಿಜವಾಗಿ ಇದೆ ಎಂಬ ಸುಳಿವು ಸಿಕ್ಕಿದ ಜಾಗ ನೆನೆದರೆ ಮೈ ಜುಮ್ಮೆನ್ನುತ್ತದೆ. 1952ರ ನವೆಂಬರ್ 1ರಂದು ಪೆಸಿಫಿಕ್ ಸಾಗರದ ಎನಿವೆಟಾಕ್ ಹವಳದ್ವೀಪದಲ್ಲಿ ಅಮೆರಿಕ ಜಲಜನಕ ಬಾಂಬನ್ನು ಸಿಡಿಸಿತು. ಆ ಮೋಡದೊಳಗೆ ವಿಮಾನ ಹಾರಿಸಿ ಸೋಸುಕಾಗದದಲ್ಲಿ ಹಿಡಿದ ಧೂಳಿನಲ್ಲಿ ಹಿಂದೆಂದೂ ಕಾಣದ 99 ಮತ್ತು 100ನೆಯ ಧಾತುಗಳು ಸಿಕ್ಕವು. ಯುರೇನಿಯಂ ಬೀಜ ಕಣ್ಣುಮಿಟುಕಿಸುವುದರೊಳಗೆ 15ಕ್ಕೂ ಹೆಚ್ಚು ನ್ಯೂಟ್ರಾನ್ ನುಂಗಿತ್ತು. ಅದೇ ಧೂಳಿನಲ್ಲಿದ್ದ ಕ್ಯಾಲಿಫೋರ್ನಿಯಂನ ಒಂದು ಬಗೆ ಸುಮಾರು 60 ದಿನಕ್ಕೆ ಅರ್ಧವಾಗುತ್ತದೆ; 1937ರಲ್ಲಿ ಕಂಡ ಒಂದು ಸೂಪರ್‌ನೋವಾ ಕೂಡ ಹೆಚ್ಚುಕಡಿಮೆ ಅದೇ ಲಯದಲ್ಲಿ ಮಂಕಾಗಿತ್ತು. ಸಿಕ್ಕಿತು ಎಂದುಕೊಂಡರು ನಮ್ಮ ನಾಲ್ವರು. ತಪ್ಪು. ಸೂಪರ್‌ನೋವಾದ ಬೆಳಕಿಗೆ ಎಣ್ಣೆ ಹೊಯ್ಯುವುದು ಕ್ಯಾಲಿಫೋರ್ನಿಯಂ ಅಲ್ಲ, ನಿಕ್ಕಲ್ ಕೋಬಾಲ್ಟ್ ಆಗಿ, ಕೋಬಾಲ್ಟ್ ಕಬ್ಬಿಣವಾಗುವ ಕ್ರಿಯೆ ಎಂದು ಆಮೇಲೆ ತಿಳಿಯಿತು. 1987ರ ಫೆಬ್ರವರಿಯಲ್ಲಿ ದಕ್ಷಿಣದ ಆಕಾಶದಲ್ಲಿ ಬರಿಗಣ್ಣಿಗೆ ಕಾಣುವಂತೆ ಒಂದು ನಕ್ಷತ್ರ ಸಿಡಿದಾಗ ಅದನ್ನು ಕಣ್ಣಾರೆ ಕಂಡರು. ಬೆಳಕು ಕೋಬಾಲ್ಟಿನ ಲಯದಲ್ಲೇ, 77 ದಿನಕ್ಕೆ ಅರ್ಧವಾಗುತ್ತಾ ಕುಗ್ಗಿತು. ಅಷ್ಟೇ ಅಲ್ಲ, ಬೆಳಕು ಬರುವುದಕ್ಕೆ ಕೆಲವು ಗಂಟೆ ಮೊದಲೇ, ಕುಸಿದ ನಡುಭಾಗದಿಂದ ಹೊರಟ ನ್ಯೂಟ್ರಿನೊ ಎಂಬ ಕಣಗಳು ಜಪಾನಿನ ಮತ್ತು ಅಮೆರಿಕದ ಗಣಿಗಳ ಆಳದಲ್ಲಿಟ್ಟ ನೀರಿನ ತೊಟ್ಟಿಗಳಲ್ಲಿ ಗುರುತು ಬಿಟ್ಟಿದ್ದವು. ಆ ಕಣಗಳನ್ನು ಹಿಡಿಯಲು ಗಣಿಗೇ ಇಳಿಯಬೇಕು. ನಮ್ಮ ಕೋಲಾರದ ಚಿನ್ನದ ಗಣಿಯಲ್ಲೂ, ಎರಡು ಕಿಲೋಮೀಟರಿಗಿಂತ ಆಳದಲ್ಲಿ, ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೊಗಳನ್ನು 1965ರಲ್ಲಿ ಗುರುತಿಸಿದ್ದರು. ಗಣಿ 2001ರಲ್ಲಿ ಮುಚ್ಚಿತು.

1983ರಲ್ಲಿ ಈ ಕೆಲಸಕ್ಕೆ ಫೌಲರ್‌ಗೆ ನೊಬೆಲ್ ಬಂತು. ಜೊತೆಗೆ ಹಂಚಿಕೊಂಡವರು ನಕ್ಷತ್ರಗಳ ಕೊನೆಗಾಲದ ಲೆಕ್ಕ ಹಾಕಿದ ನಮ್ಮ ಸುಬ್ರಹ್ಮಣ್ಯನ್ ಚಂದ್ರಶೇಖರ್. ಹಾಯ್ಲ್‌ಗೆ ಬರಲಿಲ್ಲವೆಂದು ಬಹಳ ಮಂದಿ ನೊಂದು ಬರೆದರು. ನ್ಯಾಯವೇ. ಪ್ರಬಂಧದ ಮೊದಲ ಹೆಸರಿನ ಹೆಂಗಸಿಗಾಗಿ ಅಷ್ಟು ಮಂದಿ ನೊಂದದ್ದನ್ನು ನಾನು ಓದಲಿಲ್ಲ. ಮಾರ್ಗರೆಟ್ ಮಾತ್ರ ಗೊಣಗುವ ಪೈಕಿ ಅಲ್ಲ. ಹೆಂಗಸರಿಗೆ ಮಾತ್ರವೆಂದು ಮೀಸಲಿಟ್ಟ ಒಂದು ಪ್ರಶಸ್ತಿಯನ್ನು 1970ರ ದಶಕದ ಆರಂಭದಲ್ಲಿ ಆಕೆಗೆ ಕೊಡಲು ಬಂದಾಗ ಬೇಡವೆಂದಳು. ಹೆಂಗಸೆಂದು ಬಾಗಿಲು ಹಾಕುವುದೂ ಬೇಡ, ಹೆಂಗಸೆಂದು ಬೇರೆ ಪಂಕ್ತಿ ಹಾಕುವುದೂ ಬೇಡ ಎಂಬ ನಿಲುವು. 1972ರಲ್ಲಿ ಇಂಗ್ಲೆಂಡಿನ ಗ್ರೀನಿಚ್ ವೀಕ್ಷಣಾಲಯಕ್ಕೆ ನಿರ್ದೇಶಕಿಯಾದಳು. ಆ ಕುರ್ಚಿಯ ಜೊತೆ ಮುನ್ನೂರು ವರ್ಷದಿಂದ ಬರುತ್ತಿದ್ದ ರಾಜ ಖಗೋಳಜ್ಞ ಎಂಬ ಬಿರುದು ಆಗ ಮಾತ್ರ ಬೇರೊಬ್ಬರಿಗೆ ಹೋಯಿತು. ಎರಡು ವರ್ಷವೂ ತುಂಬುವ ಮೊದಲು ಆಕೆ ಅದನ್ನು ಬಿಟ್ಟು ದೂರದರ್ಶಕದ ಬಳಿಗೆ ಮರಳಿದಳು. ತೀರಿಕೊಂಡದ್ದು 2020ರ ಏಪ್ರಿಲ್‌ನಲ್ಲಿ, ನೂರು ವರ್ಷ ತುಂಬಿದ ಮೇಲೆ. ನಾವೆಲ್ಲ ಬಾಗಿಲು ಹಾಕಿಕೊಂಡು ಮನೆಯೊಳಗೆ ಕುಳಿತಿದ್ದ ದಿನಗಳು ಅವು. ನನ್ನ ಮನೆಯವರೊಬ್ಬರು ಹೋದಂತಾಗಿ ಅಂದು ರಾತ್ರಿ ತಾರಸಿಯ ಮೇಲೆ ಸ್ವಲ್ಪ ಹೊತ್ತು ನಿಂತಿದ್ದೆ.

ಚಿನ್ನದ ಕತೆಯ ಉಳಿದ ಕಾಲು ಭಾಗ ಗೊತ್ತಾಗುವ ವೇಳೆಗೆ ಆಕೆಗೆ ತೊಂಬತ್ತೆಂಟು. ಸಾಮಾನ್ಯ ಸೂಪರ್‌ನೋವಾದಲ್ಲಿ ಅಷ್ಟು ನ್ಯೂಟ್ರಾನ್ ಸಿಗುವುದು ಕಷ್ಟವೆಂದು ಲೆಕ್ಕದವರು ಬಹುಕಾಲದಿಂದ ಹೇಳುತ್ತಿದ್ದರು. ಆದರೆ ಸೂಪರ್‌ನೋವಾ ಬಿಟ್ಟುಹೋಗುವ ಆ ಊರಗಲದ ಉಂಡೆ ಇದೆಯಲ್ಲ, ಅದು ಬಹುಪಾಲು ನ್ಯೂಟ್ರಾನೇ. 20 ಕಿಲೋಮೀಟರ್ ಅಗಲದೊಳಗೆ ಸೂರ್ಯನಿಗಿಂತ ಹೆಚ್ಚು ತೂಕ. ಅಂಥ ಎರಡು ಉಂಡೆಗಳು ಒಂದನ್ನೊಂದು ಸುತ್ತುತ್ತಾ ಕೊನೆಗೆ ಡಿಕ್ಕಿ ಹೊಡೆದರೆ? 2017ರ ಆಗಸ್ಟ್ 17ರಂದು ಅಂಥ ಡಿಕ್ಕಿಯೊಂದರ ಅಲೆ ಭೂಮಿಯನ್ನು ಮುಟ್ಟಿತು. ನಡೆದದ್ದು 13 ಕೋಟಿ ಜ್ಯೋತಿರ್ವರ್ಷ ದೂರದಲ್ಲಿ. ದೂರದರ್ಶಕಗಳೆಲ್ಲ ಆ ಕಡೆ ತಿರುಗಿದವು. ನೀಲಿಯಾಗಿ ಕಂಡ ಬೆಳಕು ಕೆಲವೇ ದಿನಗಳಲ್ಲಿ ಕೆಂಪಗಾಯಿತು. ಭಾರದ ಧಾತುಗಳು ತುಂಬಿದ ಮೋಡದ ಲಕ್ಷಣ ಅದು. ಹಲವು ಭೂಮಿಗಳ ತೂಕದಷ್ಟು ಚಿನ್ನ ಆ ಒಂದು ಡಿಕ್ಕಿಯಲ್ಲಿ ಆಗಿರಬಹುದೆಂಬ ಅಂದಾಜಿದೆ. ಕಾಂತಶಕ್ತಿ ಅತಿಯಾಗಿರುವ ಬೇರೊಂದು ಬಗೆಯ ನ್ಯೂಟ್ರಾನ್ ನಕ್ಷತ್ರದ ಸಿಡಿತದಲ್ಲೂ ಒಂದಿಷ್ಟು ಆಗುತ್ತದೆ ಎಂದು 2004ರ ಹಳೆಯ ದಾಖಲೆಗಳನ್ನು ಕೆದಕಿ 2025ರಲ್ಲಿ ಹೇಳಿದ್ದಾರೆ. ಯಾವ ಕುಲುಮೆಯದು ಎಷ್ಟು ಪಾಲು ಎಂಬ ಜಗಳ ಇನ್ನೂ ತೀರಿಲ್ಲ. ಅಂತೂ ನನ್ನ ಅಜ್ಜಿಯ ಕಾಸುಗಳು ಸೂರ್ಯನೂ ಭೂಮಿಯೂ ಹುಟ್ಟುವುದಕ್ಕೆ ಮುಂಚೆ, 460 ಕೋಟಿ ವರ್ಷಕ್ಕೂ ಹಿಂದೆ, ಎಲ್ಲೋ ಧೂಳಾಗಿ ಚೆಲ್ಲಿದ್ದವು.

ಈ ವರ್ಷ ಮೊಮ್ಮಗಳಿಗೆ ಎಂ.ಎಸ್ಸಿ. ಭೌತಶಾಸ್ತ್ರಕ್ಕೆ ಸೀಟು ಸಿಕ್ಕಿತು, ದೂರದ ಊರಿನಲ್ಲಿ. ಫೀಸು, ಹಾಸ್ಟೆಲ್ಲು ಎಲ್ಲ ಸೇರಿ ಅಳಿಯನ ಕೈಗೆ ಮೀರಿದ ಮೊತ್ತ. ನಾನು ಬಳೆಗಳನ್ನು ತೆಗೆದು ಮೇಜಿನ ಮೇಲಿಟ್ಟಾಗ ಮಗಳು ಸಿಟ್ಟಾದಳು. “ಅವು ಅವಳ ಮದುವೆಗೆ ಅಂತ ಇದ್ದದ್ದಲ್ವಾ ಅಮ್ಮ? ನಾಳೆ ಎರಡನ್ನೂ ಎಲ್ಲಿಂದ ತರೋದು?” ಎಂದಳು. ಅದೇ ಮಾತು, ಅಪ್ಪನದು. ಐವತ್ತು ವರ್ಷದ ಮೇಲೆ ನನ್ನ ಮಗಳ ಬಾಯಲ್ಲಿ ಕೇಳಿ ನನಗೆ ಒಂದು ಕ್ಷಣ ಮಾತೇ ಹೊರಡಲಿಲ್ಲ. ಅಪ್ಪನ ಮೇಲೆ ಇಷ್ಟು ವರ್ಷ ಇಟ್ಟುಕೊಂಡಿದ್ದ ಮುನಿಸು ಆಗಲೇ ಸ್ವಲ್ಪ ಸಡಿಲವಾದದ್ದು. ಅವಳ ಮುಖದಲ್ಲಿದ್ದದ್ದು ಜಿಪುಣತನವಲ್ಲ, ಭಯ. ನಮ್ಮವರು ಪೇಪರಿನಿಂದ ತಲೆ ಎತ್ತದೆ, “ಅವಳ ಬಳೆ, ಅವಳಿಷ್ಟ” ಎಂದರು. ಮೊಮ್ಮಗಳು, “ಬೇಡ ಅಜ್ಜಿ, ನಿನ್ನ ಕೈ ಬೋಳಾಗುತ್ತೆ” ಎಂದಳು. ಗಾಜಿನ ಬಳೆ ಇವೆಯಲ್ಲ ಎಂದೆ. ಕೊನೆಗೆ ಎರಡು ಮಾರುವುದು, ಎರಡು ಇಟ್ಟುಕೊಳ್ಳುವುದು ಎಂದು ತೀರ್ಮಾನವಾಯಿತು. ಮಗಳೂ ನಮ್ಮ ಜೊತೆ ಅಂಗಡಿಗೆ ಬಂದಳು, ಮಾತಾಡದೆ.

ಒರೆಗಲ್ಲಿಗೆ ಉಜ್ಜುತ್ತಾರೆ, ಇಲ್ಲವೇ ಕರಗಿಸುತ್ತಾರೆ ಎಂದುಕೊಂಡಿದ್ದೆ. ಅಂಗಡಿಯ ಹುಡುಗ ಬಳೆಗಳನ್ನು ಒಂದು ಪೆಟ್ಟಿಗೆಯಂಥ ಯಂತ್ರದೊಳಗಿಟ್ಟು ಮುಚ್ಚಳ ಹಾಕಿದ. “ಎಕ್ಸ್‌ರೇ ಬಿಡುತ್ತೆ ಅಜ್ಜಿ. ಚಿನ್ನಕ್ಕೆ ಚಿನ್ನದ್ದೇ ಗೆರೆ, ತಾಮ್ರಕ್ಕೆ ತಾಮ್ರದ್ದೇ ಗೆರೆ ವಾಪಸ್ ಬರುತ್ತೆ. ಅರ್ಧ ನಿಮಿಷ” ಎಂದ. ಪರದೆಯ ಮೇಲೆ ಗೋಪುರಗಳ ಹಾಗೆ ಗೆರೆಗಳು ಎದ್ದವು. ಮೊಮ್ಮಗಳು ಗಾಜಿಗೆ ಮೂಗು ತಾಗಿಸಿಕೊಂಡು ನೋಡುತ್ತಿದ್ದಳು. ಚಿನ್ನ 89.7, ತಾಮ್ರ ಇಷ್ಟು, ಬೆಳ್ಳಿ ಇಷ್ಟು ಎಂದು ಚೀಟಿ ಹೊರಬಂತು. 22 ಕ್ಯಾರೆಟ್ ಎಂದರೆ 91.6 ಇರಬೇಕಂತೆ. ಅಪ್ಪ ಪಡಸಾಲೆಯಲ್ಲಿ ಕಣ್ಣು ಮಿಟುಕಿಸದೆ ಕಾವಲು ಕುಳಿತಿದ್ದರೂ ಆಚಾರ್ರು ಬೆಸುಗೆಗೆ ಕೊಂಚ ಹೆಚ್ಚೇ ಹಾಕಿದ್ದರು! ಮಗಳಿಗೆ ಹೇಳಿದೆ. ಅವಳಿಗೂ ನಗು ಬಂತು.

ದುಡ್ಡನ್ನು ಮಗಳು ಎಣಿಸಿ ಚೀಲಕ್ಕೆ ಹಾಕಿಕೊಂಡಳು. ಚೀಟಿಯನ್ನು ಮೊಮ್ಮಗಳು ಕೇಳಿ ಪಡೆದು, ನಾಲ್ಕಾಗಿ ಮಡಿಸಿ, ತನ್ನ ಸೀಟಿನ ಕಾಗದಗಳ ಜೊತೆ ಇಟ್ಟುಕೊಂಡಳು.